ಫಾರ್ಮುಲಾ ಎಲ್ಲ ಬಾಯಿಗೆ ಬರುತ್ತೆ, ಲೆಕ್ಕ ಮಾತ್ರ ಬರಲ್ಲ. ತಂಗಿಗೆ ಹೇಗೆ ಹೇಳಿಕೊಡಲಿ?

ನಿಮ್ಮ ತಂಗಿ ಹತ್ತನೇ ಕ್ಲಾಸಿನ ತನಕ ಕನ್ನಡ ಮಾಧ್ಯಮದಲ್ಲಿ ಓದಿ ಈಗ ಫಸ್ಟ್ ಪಿಯುಸಿ ಸೈನ್ಸ್ ಸೇರಿದ್ದಾಳೆ. ಫಾರ್ಮುಲಾ ಕೇಳಿದರೆ ಪಟಪಟ ಹೇಳುತ್ತಾಳೆ, ಲೆಕ್ಕ ಸ್ವಲ್ಪ ತಿರುಗಿಸಿ ಕೊಟ್ಟರೆ ಪೆನ್ನು ನಿಂತುಬಿಡುತ್ತದೆ ಅಂತ ಬರೆದಿದ್ದೀರಿ. ನಾನು ಗಂಗಾವತಿಯಲ್ಲಿ ಹನ್ನೊಂದು ವರ್ಷದಿಂದ ಸಂಜೆ ಹೊತ್ತು ಟ್ಯೂಷನ್ ಹೇಳುತ್ತಿದ್ದೇನೆ. ನನ್ನ ಬ್ಯಾಚಿನಲ್ಲಿ ಮುಕ್ಕಾಲು ಪಾಲು ಮಕ್ಕಳದ್ದು ಇದೇ ಕಥೆ.

ದಯವಿಟ್ಟು ಇನ್ನೊಂದು ಗೈಡ್ ತಂದುಕೊಡಬೇಡಿ. ಲೆಕ್ಕ ಓದಿ ಮುಗಿಸಿದ ಮೇಲೆ, ಮೊದಲ ಸಮೀಕರಣ ಬರೆಯುವ ಮುಂಚೆ ಸ್ವಲ್ಪ ಹೊತ್ತು ಇರುತ್ತದಲ್ಲ, ಅವಳು ಸಿಕ್ಕಿಹಾಕಿಕೊಳ್ಳುವುದು ಆಗ. ಆ ಹೊತ್ತಿನಲ್ಲಿ ತಲೆಯೊಳಗೆ ಏನು ನಡೆಯಬೇಕು ಅಂತ ಗೈಡಿನಲ್ಲಿ ಇರುವುದಿಲ್ಲ. ಅಲ್ಲಿ ಸೀದಾ ಫಾರ್ಮುಲಾ, ಬೆಲೆ ಹಾಕು, ಉತ್ತರ.

ನಾನು ಹೊಸ ಬ್ಯಾಚಿಗೆ ಭತ್ತದ ಲೆಕ್ಕದಿಂದ ಶುರು ಮಾಡುತ್ತೇನೆ. 20 ಪರ್ಸೆಂಟ್ ತೇವ ಇರುವ 100 ಕ್ವಿಂಟಲ್ ಭತ್ತ ಇದೆ. ಒಣಗಿಸಿ ತೇವವನ್ನು 14 ಪರ್ಸೆಂಟಿಗೆ ಇಳಿಸಿದರೆ ಎಷ್ಟು ಕ್ವಿಂಟಲ್ ಉಳಿಯುತ್ತದೆ? ಹೆಚ್ಚುಕಡಿಮೆ ಎಲ್ಲರೂ 94 ಅನ್ನುತ್ತಾರೆ. ಆಗ ನಾನು ಕೇಳುವುದು ಒಂದೇ ಪ್ರಶ್ನೆ: ಬಿಸಿಲಿಗೆ ಹಾಕಿದಾಗ ಏನು ಬದಲಾಗಲಿಲ್ಲ? ಸ್ವಲ್ಪ ಹೊತ್ತು ಸುಮ್ಮನೆ ಕೂತು ಯಾರಾದರೂ ಒಬ್ಬರು ಹೇಳುತ್ತಾರೆ, ಹೋದದ್ದು ನೀರು, ಕಾಳು ಹಾಗೇ ಇದೆ ಅಂತ. ನೀರು ಬಿಟ್ಟರೆ 80 ಕ್ವಿಂಟಲ್. ಒಣಗಿದ ಮೇಲೆ ಅದೇ 80 ಹೊಸ ತೂಕದ 86 ಪರ್ಸೆಂಟ್ ಆಗಬೇಕು. ಅಂದರೆ 0.86 × ಎಕ್ಸ್ = 80, ಎಕ್ಸ್ ಬರುವುದು 93.02. ಹತ್ತಿರ ಹತ್ತಿರ ಒಂದು ಕ್ವಿಂಟಲ್ ತಪ್ಪು. ರೈತರ ಮನೆ ಮಕ್ಕಳಿಗೆ ಒಂದು ಕ್ವಿಂಟಲ್ ಅಂದರೆ ಎಷ್ಟು ಅಂತ ಬಿಡಿಸಿ ಹೇಳಬೇಕಾಗಿಲ್ಲ.

ಫಿಸಿಕ್ಸ್‌ಗೆ ಬಂದರೆ ಮೊದಲ ತೊಡಕು ಇಂಗ್ಲಿಷು. 'ಸ್ಮೂತ್' ಅಂದರೆ ನುಣುಪು ಅಂತ ಅವಳಿಗೆ ಗೊತ್ತಿರುತ್ತದೆ, ಲೆಕ್ಕದಲ್ಲಿ ಅದು ಘರ್ಷಣೆ ಸೊನ್ನೆ ಅಂತ ಹೇಳುತ್ತಿದೆ ಅನ್ನುವುದು ಗೊತ್ತಿರಲ್ಲ. 'ಲೈಟ್ ಸ್ಟ್ರಿಂಗ್' ಅಂದರೆ ದಾರದ ತೂಕ ಲೆಕ್ಕಕ್ಕೆ ಬೇಡ. 'ಫ್ರಮ್ ರೆಸ್ಟ್' ಅಂದರೆ ಶುರುವಿನ ವೇಗ ಸೊನ್ನೆ. ಇಂಥ ಮೂವತ್ತು ಮಾತು ಒಂದು ಹಾಳೆಯಲ್ಲಿ ಬರೆಸಿ. ಲೆಕ್ಕವನ್ನು ನಿಮಗೆ ಕನ್ನಡದಲ್ಲಿ ಕಥೆ ಥರ ಹೇಳಲಿ, ಆಮೇಲೆ ಪೆನ್ನು ಹಿಡಿಯಲಿ.

ಇನ್ನೊಂದು, ಉತ್ತರ ಬಂದ ಮೇಲೆ ಅದನ್ನು ಗೊತ್ತಿರುವ ವಸ್ತುವಿನ ಪಕ್ಕ ಇಟ್ಟು ನೋಡುವ ಅಭ್ಯಾಸ. 2024ರ ಆಗಸ್ಟ್‌ನಲ್ಲಿ ತುಂಗಭದ್ರಾ ಡ್ಯಾಮಿನ 19ನೇ ಗೇಟು ಚೈನ್ ತುಂಡಾಗಿ ಕೊಚ್ಚಿಹೋಯಿತಲ್ಲ, ಆಗ ನಮ್ಮ ಕಡೆ ಬೇರೆ ಮಾತೇ ಇರಲಿಲ್ಲ. ಅದೇ ವಾರ ಈ ಲೆಕ್ಕ ಕೊಟ್ಟೆ: ಗೇಟು 60 ಅಡಿ ಅಗಲ, 20 ಅಡಿ ಎತ್ತರ, ಅಂದರೆ ಸುಮಾರು 18 ಮೀಟರ್, 6 ಮೀಟರ್. ನೀರು ಮೇಲಂಚಿನ ತನಕ ನಿಂತರೆ ಗೇಟನ್ನು ಎಷ್ಟು ಬಲದಿಂದ ತಳ್ಳುತ್ತದೆ? ಒಬ್ಬ ಹುಡುಗ 3,240 ನ್ಯೂಟನ್ ಅಂತ ಬರೆದು ತಂದ. ಅಂದರೆ 324 ಕೆಜಿ ಭಾರ. "ಹಂಗಾದ್ರ ನಾಲ್ಕೈದು ಮಂದಿ ಸೇರಿ ಕೈಯಾಗ ಹಿಡಿಬಹುದಿತ್ತಲ್ಲೋ" ಅಂದೆ. ಅವನೇ ನಕ್ಕು ಹಾಳೆ ತಿರುಗಿಸಿ ನೋಡಿದ, ನೀರಿನ ಸಾಂದ್ರತೆ ಬಿಟ್ಟುಹೋಗಿತ್ತು. ಸರಾಸರಿ ಆಳ 3 ಮೀಟರ್, ಸಾಂದ್ರತೆ 1,000, ಗುರುತ್ವ 10, ಮೂರನ್ನೂ ಗುಣಿಸಿದರೆ ಸರಾಸರಿ ಒತ್ತಡ 30,000 ಪ್ಯಾಸ್ಕಲ್, ಗೇಟಿನ ವಿಸ್ತೀರ್ಣ 108 ಚದರ ಮೀಟರ್, ಬಲ 32,40,000 ನ್ಯೂಟನ್. 324 ಟನ್ ಭಾರ.

ಈಗ ನನಗೆ ತುಂಬ ಇಷ್ಟದ ಲೆಕ್ಕ. ಬಾವಿ ಕಟ್ಟೆ ಮೇಲೆ ನಿಂತು ಒಂದು ಕಲ್ಲನ್ನು ಸೆಕೆಂಡಿಗೆ 15 ಮೀಟರ್ ವೇಗದಲ್ಲಿ ನೇರ ಮೇಲಕ್ಕೆ ಎಸೆಯುತ್ತೀರಿ. ಬಾವಿ 20 ಮೀಟರ್ ಆಳ, ನೀರಿಲ್ಲ. ಕಲ್ಲು ತಳಕ್ಕೆ ಬೀಳಲು ಎಷ್ಟು ಸೆಕೆಂಡ್ ಬೇಕು? ಗುರುತ್ವ 10 ಅಂತ ಇಟ್ಟುಕೊಳ್ಳಿ.

ಮಕ್ಕಳು ಇದನ್ನು ಎರಡು ತುಂಡು ಮಾಡುತ್ತಾರೆ. 11.25 ಮೀಟರ್ ಮೇಲೆ ಹೋಗಲು 1.5 ಸೆಕೆಂಡ್, ಅಲ್ಲಿಂದ ಬಾವಿಯ 20 ಸೇರಿ 31.25 ಮೀಟರ್ ಬೀಳಲು 2.5 ಸೆಕೆಂಡ್, ಒಟ್ಟು 4. ತಪ್ಪೇನಿಲ್ಲ. ಆದರೆ ಕಟ್ಟೆಯನ್ನು ಸೊನ್ನೆ ಅಂತ ಗುರುತು ಮಾಡಿ, ಮೇಲಕ್ಕೆ ಪ್ಲಸ್, ಕೆಳಕ್ಕೆ ಮೈನಸ್ ಅಂತ ಮೊದಲೇ ತೀರ್ಮಾನಿಸಿದರೆ ಒಂದೇ ಸಾಲು ಸಾಕು (ಟಿ ಅಂದರೆ ಎಸೆದ ಮೇಲೆ ಕಳೆದ ಸೆಕೆಂಡು): −20 = 15ಟಿ − 5ಟಿ². ಐದರಿಂದ ಭಾಗಿಸಿ ಜೋಡಿಸಿದರೆ ಟಿ² − 3ಟಿ − 4 = 0. ಉತ್ತರ 4 ಅಥವಾ −1.

"ಸರ್, ಮೈನಸ್ ಬಂದೈತ್ರಿ, ಹೊಡೆದು ಹಾಕ್ಲೇನ್ರಿ?" ಅಂತ ಪ್ರತಿ ವರ್ಷ ಒಬ್ಬರು ಕೇಳುತ್ತಾರೆ. ಮೊದಲೆಲ್ಲ ನಾನೂ ಹೂಂ ಅನ್ನುತ್ತಿದ್ದೆ. ನನಗೆ ಹೇಳಿಕೊಟ್ಟವರೂ ಹಾಗೇ ಹೊಡೆದು ಹಾಕುತ್ತಿದ್ದರು. ಒಂದು ವರ್ಷ ಹಿಂದಿನ ಬೆಂಚಿನ ಹುಡುಗಿ ಬಿಡಲಿಲ್ಲ, ಲೆಕ್ಕ ಸರಿ ಇದ್ದರೆ ಅದು ಸುಮ್ನೆ ಯಾಕೆ ಬರುತ್ತೆ ಅಂದಳು. ನನಗೂ ತಕ್ಷಣ ಹೊಳೆಯಲಿಲ್ಲ. ಮನೆಗೆ ಹೋಗಿ ಊಟ ಮಾಡುವಾಗ ತಿಳಿಯಿತು. ಸಮೀಕರಣಕ್ಕೆ ನಮ್ಮ ಕೈ ಗೊತ್ತಿಲ್ಲ. ಸೊನ್ನೆ ಸೆಕೆಂಡಿನಲ್ಲಿ ಕಲ್ಲು ಕಟ್ಟೆಯ ಮಟ್ಟದಲ್ಲಿತ್ತು, 15ರ ವೇಗದಲ್ಲಿ ಮೇಲಕ್ಕೆ ಹೋಗುತ್ತಿತ್ತು, ಅದಕ್ಕೆ ಗೊತ್ತಿರುವುದು ಇಷ್ಟೇ. ಅದನ್ನು ಬಾವಿಯ ತಳದಿಂದಲೇ ಯಾರೋ ಎಸೆದಿದ್ದರೆ? ಆಗ ಅದು ತಳದಿಂದ ಹೊರಟದ್ದು 1 ಸೆಕೆಂಡ್ ಮುಂಚೆ, 25ರ ವೇಗದಲ್ಲಿ. ಮರುದಿನ ಅವಳಿಗೇ ಬೋರ್ಡಿನ ಮೇಲೆ ಬೆಲೆ ಹಾಕಲು ಹೇಳಿದೆ. ಟಿ −1 ಆದಾಗ ವೇಗ 25, ಟಿ 4 ಆದಾಗ −25. ಹೊರಟದ್ದೂ 25, ಬಿದ್ದದ್ದೂ 25! ಆವತ್ತು ಬ್ಯಾಚ್ ಬಿಡುವುದು ಅರ್ಧ ಗಂಟೆ ತಡವಾಯಿತು, ಹೊರಗೆ ಕಾಯುತ್ತಿದ್ದ ತಂದೆ ತಾಯಿಗಳಿಂದ ಬೈಸಿಕೊಂಡೆ.

ದಿನಕ್ಕೆ ಎರಡು ಲೆಕ್ಕ ಸಾಕು, ಜಾಸ್ತಿ ಬೇಡ. ಒಂದು ಲೆಕ್ಕಕ್ಕೆ ಇಪ್ಪತ್ತು ನಿಮಿಷ ಹೋದರೂ ಉತ್ತರದ ಪುಟ ತೆಗೆಯಲು ಬಿಡಬೇಡಿ. ಈ ಬಾವಿ ಲೆಕ್ಕವನ್ನು ನಾಳೆಯೇ ಕೊಟ್ಟು ನೋಡಿ. −1 ಅನ್ನು ಅವಳು ಹೊಡೆದು ಹಾಕಿದರೆ ತಪ್ಪು ಅನ್ನಬೇಡಿ. ಒಂದು ಸೆಕೆಂಡ್ ಮುಂಚೆ ಕಲ್ಲು ಎಲ್ಲಿತ್ತು ಅಂತ ಕೇಳಿ, ಅಷ್ಟೇ.