ಎಂಟು ತಿಂಗಳ ಮಗುವಿನ ಹೃದಯ ನಿಂತರೆ ದೊಡ್ಡವರ ಎಇಡಿ ಬಳಸಬಹುದೇ?

ಬಳಸಬಹುದು. ಎಇಡಿ ಎಂದರೆ ಹೃದಯದ ಲಯವನ್ನು ತಾನೇ ಓದಿ, ಬೇಕಿದ್ದರೆ ಮಾತ್ರ ಶಾಕ್ ಕೊಡುವ ಪೆಟ್ಟಿಗೆ. ಮಕ್ಕಳ ಪ್ಯಾಡ್ ಅಥವಾ ಮಕ್ಕಳ ಗುಂಡಿ ಇದ್ದರೆ ಅದೇ ಸರಿ, ಶಾಕ್‌ನ ಶಕ್ತಿ ಸುಮಾರು 50 ಜೂಲ್‌ಗೆ ಇಳಿಯುತ್ತದೆ. ಇಲ್ಲವೆಂದು ಕಾಯಬೇಡಿ, ದೊಡ್ಡವರದ್ದನ್ನೇ ಹಾಕಿ.

ಪುಟ್ಟ ಎದೆಯ ಮೇಲೆ ಎರಡು ಪ್ಯಾಡ್ ಹಿಡಿಸುವುದಿಲ್ಲ. ಒಂದಕ್ಕೊಂದು ತಾಗಿದರೆ ಕರೆಂಟು ಹೃದಯದೊಳಗೆ ಹೋಗದೆ ಮೇಲಿಂದಲೇ ದಾಟಿಬಿಡುತ್ತದೆ. ಹಾಗಾಗಿ ಒಂದನ್ನು ಎದೆಯ ನಡುವೆ, ಇನ್ನೊಂದನ್ನು ಬೆನ್ನಿಗೆ, ಹೆಗಲೆಲುಬುಗಳ ನಡುವೆ ಅಂಟಿಸಿ. ನಮ್ಮ ಕಾಸರಗೋಡಿನ ಕಡೆ ಕೂಸಿನ ಮೈಗೆ ತೆಂಗಿನೆಣ್ಣೆ ಹಚ್ಚಿರುತ್ತಾರೆ. ಮೊದಲು ಬೈರಾಸಿನಿಂದ ಒರೆಸದಿದ್ದರೆ ಪ್ಯಾಡ್ ನಿಲ್ಲದು.

ಆದರೆ ಪೆಟ್ಟಿಗೆ ಬರುವವರೆಗೆ ಕೈಕಟ್ಟಿ ಕೂರಬಾರದು. ಕೂಸುಗಳ ಹೃದಯ ನಿಲ್ಲುವುದು ಹೆಚ್ಚಾಗಿ ಉಸಿರು ಕಟ್ಟಿ. ಒಬ್ಬರು 108ಕ್ಕೆ ಫೋನ್ ಮಾಡಲಿ. ನೀವು ಎರಡೂ ಕೈಗಳಿಂದ ಎದೆಯನ್ನು ಬಳಸಿ ಹಿಡಿದು, ಹೆಬ್ಬೆರಳುಗಳಿಂದ ಎದೆಮೂಳೆಯನ್ನು 4 ಸೆಂ.ಮೀ. ಆಳಕ್ಕೆ 30 ಸಲ ಒತ್ತಿ, ನಿಮಿಷಕ್ಕೆ 100–120ರ ವೇಗದಲ್ಲಿ. ಮತ್ತೆ ಮಗುವಿನ ಬಾಯಿ, ಮೂಗು ಎರಡನ್ನೂ ನಿಮ್ಮ ಬಾಯಿಂದ ಮುಚ್ಚಿ, ಎದೆ ಏಳುವಷ್ಟೇ ಮೆಲ್ಲಗೆ 2 ಉಸಿರು ಊದಿ. ಶಾಕ್ ಹೋಗುವಾಗ ಯಾರೂ ಮುಟ್ಟಬಾರದು. ಹೋದ ಕೂಡಲೇ ಮತ್ತೆ ಒತ್ತಲು ಸುರು ಮಾಡಿ.