ಕೇಳಿಸುತ್ತೆ, ಆದ್ರೆ ತಿಳಿಯಲ್ಲ

ಓದುಗರ ಪತ್ರ: ನಮ್ಮ ಸಂಘದ ಒಳಾಂಗಣ ಕ್ರೀಡಾಂಗಣದಲ್ಲಿ ಒಂದು ತುದಿಯ ಗೋಡೆಗೆ ಎರಡು ದೊಡ್ಡ ಸ್ಪೀಕರ್ ಹಾಕಿದ್ದೇವೆ. ಮುಂದೆ ಕೂತವರು ಕಿವಿ ಮುಚ್ಚಿಕೊಳ್ಳುತ್ತಾರೆ. ಹಿಂದೆ ಕೂತವರು ‘ಏನಂದ್ರು?’ ಅಂತ ಪಕ್ಕದವರನ್ನು ಕೇಳುತ್ತಾರೆ. ಈಗಿರುವುದರ ಎರಡರಷ್ಟು ವ್ಯಾಟ್‌ನ ಆಂಪ್ಲಿಫೈಯರ್ ತರಬೇಕೆಂದು ಸಮಿತಿ ತೀರ್ಮಾನಿಸಿದೆ. ಇದು ಸರಿಯೇ?

ಸಂಪಾದಕರ ಉತ್ತರ: ಸರಿಯಲ್ಲ. ದಯವಿಟ್ಟು ಸಮಿತಿಯವರನ್ನು ಸ್ವಲ್ಪ ತಡೆಯಿರಿ.

ಮೊದಲು ವ್ಯಾಟ್ ಲೆಕ್ಕ ನೋಡೋಣ. ವ್ಯಾಟ್ ಎರಡರಷ್ಟಾದರೆ ಸದ್ದು ಏರುವುದು ಬರೀ 3 ಡೆಸಿಬೆಲ್. ಗಮನ ಕೊಟ್ಟು ಕೇಳಿದರೆ ‘ಹೂಂ, ಸ್ವಲ್ಪ ಜಾಸ್ತಿ ಆಯ್ತು’ ಅನ್ನಿಸಬಹುದು, ಅಷ್ಟೇ. ಕಿವಿಗೆ ದುಪ್ಪಟ್ಟು ಜೋರು ಅನ್ನಿಸಬೇಕಾದರೆ ಸುಮಾರು 10 ಡೆಸಿಬೆಲ್ ಏರಬೇಕು, ಅಂದರೆ ಹತ್ತರಷ್ಟು ವ್ಯಾಟ್ ಬೇಕು. ಅಷ್ಟು ಕೊಟ್ಟರೆ ಮುಂದಿನ ಸಾಲಿನವರು ಎದ್ದು ಮನೆಗೇ ಹೋಗುತ್ತಾರೆ.

ಆದರೆ ನಿಮ್ಮ ನಿಜವಾದ ತೊಂದರೆ ಜೋರಿನದ್ದಲ್ಲ. ನೀವೇ ಬರೆದಿದ್ದೀರಲ್ಲ, ಹಿಂದಿನವರು ‘ಏನೂ ಕೇಳಿಸ್ತಿಲ್ಲ’ ಅನ್ನುತ್ತಿಲ್ಲ, ‘ಏನಂದ್ರು’ ಅನ್ನುತ್ತಿದ್ದಾರೆ. ಸದ್ದು ತಲುಪುತ್ತಿದೆ, ಮಾತು ತಲುಪುತ್ತಿಲ್ಲ.

ಹೀಗೇಕೆ ಆಗುತ್ತದೆ? ಸ್ಪೀಕರಿನಿಂದ ನೇರವಾಗಿ ಬರುವ ಸದ್ದು ದೂರ ದುಪ್ಪಟ್ಟಾದಾಗಲೆಲ್ಲ ಸುಮಾರು 6 ಡೆಸಿಬೆಲ್ ಇಳಿಯುತ್ತದೆ. 3 ಮೀಟರ್ ದೂರದಲ್ಲಿ ಕೂತವರಿಗಿಂತ 24 ಮೀಟರ್ ದೂರದವರಿಗೆ 18 ಡೆಸಿಬೆಲ್ ಕಡಿಮೆ. ಆದರೆ ತಗಡಿನ ಚಾವಣಿ, ಬರಿಗೋಡೆ, ಮರದ ನೆಲಕ್ಕೆ ಬಡಿದು ತಿರುಗುವ ಪ್ರತಿಧ್ವನಿ ಹಾಗೆ ಇಳಿಯುವುದಿಲ್ಲ. ಹಾಲ್‌ನ ಮೂಲೆಮೂಲೆಯಲ್ಲೂ ಅದು ಹೆಚ್ಚುಕಡಿಮೆ ಒಂದೇ ಮಟ್ಟದಲ್ಲಿ ತುಂಬಿರುತ್ತದೆ. ಹಿಂದಿನ ಸಾಲಿಗೆ ಸಿಗುವುದು ಹೆಚ್ಚಾಗಿ ಈ ಎಂಜಲು ಸದ್ದೇ. ವಾಲ್ಯೂಮ್ ತಿರುಗಿಸಿದರೆ ನೇರ ಸದ್ದೂ ಏರುತ್ತದೆ, ಪ್ರತಿಧ್ವನಿಯೂ ಅಷ್ಟೇ ಏರುತ್ತದೆ. ಬೆರಕೆ ಹಾಗೇ ಉಳಿಯುತ್ತದೆ. ಕಲಸಿಹೋದ ಮಾತು ಇನ್ನಷ್ಟು ಜೋರಾಗಿ ಕಲಸಿಹೋಗುತ್ತದೆ.

ಇದು ಹಳೆಯ ಕಾಯಿಲೆ. 1895ರಲ್ಲಿ ಹಾರ್ವರ್ಡ್ ವಿಶ್ವವಿದ್ಯಾಲಯದ ಹೊಸ ಉಪನ್ಯಾಸ ಕೊಠಡಿಯೊಂದರಲ್ಲಿ ಆಡಿದ ಮಾತು ಐದು ಸೆಕೆಂಡಿಗೂ ಹೆಚ್ಚು ಹೊತ್ತು ಗುಂಯ್‌ಗುಡುತ್ತಿತ್ತು. ಅದನ್ನು ಸರಿಪಡಿಸಲು ವ್ಯಾಲೇಸ್ ಸಬೈನ್ ಎಂಬ ಮೇಷ್ಟ್ರಿಗೆ ಹೇಳಿದರು. ಅವರು ರಾತ್ರಿ ಹೊತ್ತು ಪಕ್ಕದ ರಂಗಮಂದಿರದ ಸೀಟಿನ ದಿಂಬುಗಳನ್ನು ಹೊರಿಸಿ ತಂದು, ಒಂದು ಆರ್ಗನ್ ಕೊಳವೆ ಊದಿಸಿ, ಸದ್ದು ಅಡಗುವ ಹೊತ್ತನ್ನು ಗಡಿಯಾರದಲ್ಲಿ ಅಳೆದರು. ದಿಂಬು ಹೆಚ್ಚಿದಷ್ಟೂ ಸದ್ದು ಬೇಗ ಅಡಗಿತು. ನಿಮ್ಮಲ್ಲೂ ಚಾವಣಿಯ ಕೆಳಗೆ ಸದ್ದು ಹೀರುವ ಫಲಕಗಳನ್ನು ನೇತುಹಾಕಿದರೆ ಅರ್ಧ ಕೆಲಸ ಮುಗಿಯುತ್ತದೆ. ಚೆಂಡು ಬಡಿದರೂ ತಡೆಯುವಂಥದ್ದು ನೋಡಿ. (ಮೊಟ್ಟೆ ಟ್ರೇ ಅಂಟಿಸುವ ಸಲಹೆ ಖಂಡಿತ ಯಾರಾದರೂ ಕೊಡುತ್ತಾರೆ. ಅದರಿಂದ ಹೆಚ್ಚೇನೂ ಆಗುವುದಿಲ್ಲ, ಬೆಂಕಿಯ ಭಯ ಬೇರೆ.)

ಇನ್ನರ್ಧ ಕೆಲಸ ಸ್ಪೀಕರ್‌ಗಳದ್ದು. ಎರಡು ದೊಡ್ಡವುಗಳ ಬದಲು ಹತ್ತು ಹನ್ನೆರಡು ಚಿಕ್ಕವನ್ನು ಇಡಿ. ಪ್ರತಿಯೊಂದೂ ತನ್ನ ಹತ್ತಿರದ ಸೀಟುಗಳ ಕಡೆಗೆ ಬಾಗಿರಲಿ, ಖಾಲಿ ಗೋಡೆಯ ಕಡೆಗಲ್ಲ. ಇಂಥ ಕಡೆ 100 ವೋಲ್ಟ್ ಲೈನ್ ಬಳಸುತ್ತಾರೆ, ಅಂದರೆ ಹೆಚ್ಚು ವೋಲ್ಟೇಜಿನಲ್ಲಿ ಹಲವು ಸ್ಪೀಕರ್‌ಗಳಿಗೆ ಸದ್ದಿನ ಸಂಕೇತ ಒಯ್ಯುವ ತಂತಿ. ಉದ್ದದ ತಂತಿಯಲ್ಲೂ ನಷ್ಟ ಕಡಿಮೆ. ಪ್ರತಿ ಸ್ಪೀಕರಿಗೂ ಒಂದು ಚಿಕ್ಕ ಟ್ರಾನ್ಸ್‌ಫಾರ್ಮರ್ ಇರುತ್ತದೆ, ಎಲ್ಲಿಗೆ ಎಷ್ಟು ವ್ಯಾಟ್ ಬೇಕೋ ಅಷ್ಟಕ್ಕೆ ಅದನ್ನು ಹೊಂದಿಸಿಕೊಳ್ಳಬಹುದು. ಒಂದು ಉಪಾಯ ಇದೆ: ಪಕ್ಕಪಕ್ಕದ ಸ್ಪೀಕರ್‌ಗಳನ್ನು ಬೇರೆ ಬೇರೆ ಲೈನಿಗೆ, ಒಂದು ಬಿಟ್ಟು ಒಂದರಂತೆ ಸೇರಿಸಿ. ಒಂದು ಲೈನ್ ಕೈಕೊಟ್ಟರೂ ಯಾವ ಭಾಗವೂ ಪೂರ್ತಿ ಮೌನವಾಗುವುದಿಲ್ಲ. ಬೆಂಕಿ ಬಿದ್ದಾಗ ‘ಹೊರಗೆ ಹೋಗಿ’ ಎಂದು ಹೇಳಬೇಕಾದ್ದೂ ಇದೇ ಸ್ಪೀಕರ್‌ಗಳು ಅಲ್ವಾ? ಕರೆಂಟ್ ಹೋದರೂ ನಡೆಯುವಂತೆ ಬ್ಯಾಟರಿಯೂ ಇರಲಿ.

ಮುಂದಿನ ದೊಡ್ಡ ಸ್ಪೀಕರ್ ಉಳಿಸಿಕೊಂಡು ಹಿಂದೆ ಮಾತ್ರ ಚಿಕ್ಕವು ಸೇರಿಸುತ್ತೀರಾದರೆ ಒಂದು ಎಚ್ಚರಿಕೆ. ಸದ್ದು ಸೆಕೆಂಡಿಗೆ ಸುಮಾರು 343 ಮೀಟರ್ ಓಡುತ್ತದೆ. 30 ಮೀಟರ್ ದಾಟಲು ಅದಕ್ಕೆ 87 ಮಿಲಿಸೆಕೆಂಡ್ ಬೇಕು. ತಂತಿಯಲ್ಲಿ ಹೋದದ್ದು ತಕ್ಷಣ ತಲುಪಿಬಿಡುತ್ತದೆ. ಆಗ ಹಿಂದಿನವರಿಗೆ ಪ್ರತಿ ಮಾತೂ ಎರಡು ಸಲ ಕೇಳಿಸುತ್ತದೆ. ಹಿಂದಿನ ಸ್ಪೀಕರಿಗೆ ಅಷ್ಟೇ ಹೊತ್ತಿನ ಡಿಲೇ (ತಡ) ಹಾಕಬೇಕು, ಇನ್ನೊಂದು ಹತ್ತು ಮಿಲಿಸೆಕೆಂಡ್ ಸೇರಿಸಿದರೆ ಇನ್ನೂ ಚೆನ್ನ. ಮೊದಲು ಬಂದ ಸದ್ದಿನ ದಿಕ್ಕನ್ನೇ ಕಿವಿ ನಂಬುವುದರಿಂದ, ಮಾತೆಲ್ಲ ಮುಂದಿನಿಂದಲೇ ಬಂದಂತೆ ಅನ್ನಿಸುತ್ತದೆ.

ಖರ್ಚಿಲ್ಲದ ಕೆಲಸವೂ ಇದೆ. ಘೋಷಣೆಯ ಚಾನೆಲ್‌ನಲ್ಲಿ 150 ಹರ್ಟ್ಸ್‌ಗಿಂತ ಕೆಳಗಿನ ಸದ್ದನ್ನು ಕತ್ತರಿಸಿ. ಮಾತಿನ ಭಾರ ಸ್ವರಗಳಲ್ಲಿದ್ದರೂ ಅರ್ಥ ಹೆಚ್ಚಾಗಿ ವ್ಯಂಜನಗಳಲ್ಲಿದೆ. ಅವು ಮೇಲಿನ ಆವರ್ತನಗಳಲ್ಲಿ ಸಿಗುತ್ತವೆ, ಕೆಳಗಿನ ಗುಡುಗು ಅವನ್ನು ನುಂಗುತ್ತದೆ. ಘೋಷಕರು ಮೈಕನ್ನು ಬಾಯಿಂದ ನಾಲ್ಕು ಬೆರಳು ದೂರದಲ್ಲಿ ಹಿಡಿದು, ಒಂದು ವಾಕ್ಯಕ್ಕೂ ಇನ್ನೊಂದಕ್ಕೂ ನಡುವೆ ಸ್ವಲ್ಪ ನಿಲ್ಲಲಿ. ಜನ ಕೂಗುತ್ತಿರುವಾಗ ಹೇಳಬೇಡಿ. ಸುತ್ತಲಿನ ಗದ್ದಲಕ್ಕಿಂತ ಮಾತು 10 ಡೆಸಿಬೆಲ್ ಮೇಲಿರಬೇಕು, ಗೋಲು ಬಿದ್ದ ಕ್ಷಣದಲ್ಲಿ ಅದು ಆಗದ ಮಾತು.

ಒಮ್ಮೆ ಒಂದು ಈಜುಕೊಳದ ಸ್ಪರ್ಧೆಯಲ್ಲಿ ಕೂತಿದ್ದೆ. ಹೆಂಚು, ಗಾಜು, ನೀರು: ಸದ್ದು ಹೀರುವಂಥದ್ದು ಒಂದೂ ಇರಲಿಲ್ಲ. ಹದಿಮೂರನೇ ನಂಬರಿನ ಹುಡುಗಿಯನ್ನು ಕರೆದರೆ ಹದಿನಾರನೇ ನಂಬರಿನವಳು ಎದ್ದು ಓಡಿದಳು. ಹುಡುಗಿಯ ತಪ್ಪೇನೂ ಇರಲಿಲ್ಲ. ನನಗೂ ಹದಿನಾರು ಅಂತಲೇ ಕೇಳಿಸಿತ್ತು.

ಅದನ್ನೇ ಪರೀಕ್ಷೆಯಾಗಿ ಬಳಸಿ. ಒಬ್ಬರು ಮೈಕಿನಲ್ಲಿ ಹದಿಮೂರು, ಹದಿನಾರು, ಮೂರು, ನೂರು, ಆರು ಅಂತ ಮನಸ್ಸಿಗೆ ಬಂದ ಕ್ರಮದಲ್ಲಿ ಐವತ್ತು ಸಂಖ್ಯೆ ಓದಲಿ. ಸಮಿತಿಯವರು ಕಾಗದ ಪೆನ್ನು ಹಿಡಿದು ಹಿಂದಿನ ಸಾಲಿನಲ್ಲಿ ಕೂತು ಕೇಳಿಸಿದ್ದನ್ನು ಬರೆಯಲಿ. ಆಮೇಲೆ ವಾಲ್ಯೂಮ್ ಏರಿಸಿ ಇನ್ನೊಂದು ಸಲ ಓದಿಸಿ. ತಪ್ಪುಗಳು ಎಷ್ಟಿದ್ದವೋ ಅಷ್ಟೇ ಉಳಿದರೆ ಆಂಪ್ಲಿಫೈಯರ್ ಆರ್ಡರ್ ರದ್ದು ಮಾಡಿಸಿ.