3060 12 ಜಿಬಿ ತಗೊಳ್ಳಲೋ, 4060 8 ಜಿಬಿ ತಗೊಳ್ಳಲೋ?

ನಿಮ್ಮ ಪ್ರಶ್ನೆ ಇಷ್ಟು: ಮುಂಬೈ ಹತ್ತಿರ ಡೊಂಬಿವಲಿಯಲ್ಲಿದ್ದೀರಿ. ಇಂಟೆಲ್ ಐ5-10400 ಪ್ರೊಸೆಸರ್ ಇರುವ ಪಿಸಿ, 450 ವ್ಯಾಟ್ ಪವರ್ ಸಪ್ಲೈ, 1080ಪಿ ಮಾನಿಟರ್. ರಾತ್ರಿ ಗೇಮ್ ಆಡ್ತೀರಿ, ರಜೆಯಲ್ಲಿ ಬ್ಲೆಂಡರ್ ಅನ್ನುವ 3ಡಿ ಸಾಫ್ಟ್‌ವೇರ್ ಕಲೀತಿದ್ದೀರಿ. ಬಳಸಿದ ಆರ್‌ಟಿಎಕ್ಸ್ 3060 12 ಜಿಬಿ, ಬಳಸಿದ ಆರ್‌ಟಿಎಕ್ಸ್ 4060 8 ಜಿಬಿ, ಈ ಎರಡು ಗ್ರಾಫಿಕ್ಸ್ ಕಾರ್ಡೂ (ಜಿಬಿ ಅಂದದ್ದು ಕಾರ್ಡಿನೊಳಗಿನ ಮೆಮೊರಿ) ಹೆಚ್ಚುಕಡಿಮೆ ಒಂದೇ ಬೆಲೆಗೆ ಸಿಗುತ್ತಿವೆ. ಯಾವುದು ತಗೊಳ್ಳಲಿ?

ನೀವು 3060 ತಗೊಳ್ಳಿ. ಬರೀ ಗೇಮ್ ಅಂದಿದ್ದರೆ 4060 ಅನ್ನುತ್ತಿದ್ದೆ.

ನಾನಿರುವುದು ಮುಲುಂಡ್‌ನಲ್ಲಿ. ಮನೆಗಳ ಒಳಾಂಗಣ ರೆಂಡರ್ ಮಾಡಿಕೊಡುವುದು, ಅಂದರೆ 3ಡಿ ಮಾದರಿಯಿಂದ ಚಿತ್ರ ತೆಗೆದುಕೊಡುವುದು, ನನ್ನ ಕೆಲಸ. ನನ್ನ ಹತ್ತಿರ 3060 ಇದೆ, ಠಾಣೆಯಲ್ಲಿರುವ ಅಕ್ಕನ ಮಗನ ಹತ್ತಿರ 4060. ಹೋದ ಮಳೆಗಾಲದಲ್ಲಿ ಒಂದು ಭಾನುವಾರ ಅವನು ಕಾರ್ಡ್ ಬಿಚ್ಚಿ, ಪ್ಲಾಸ್ಟಿಕ್‌ನಲ್ಲಿ ಎರಡು ಸುತ್ತು ಸುತ್ತಿಕೊಂಡು ನಮ್ಮ ಮನೆಗೆ ಬಂದ. ನನ್ನ ಪಿಸಿಯೂ ನಿಮ್ಮದರ ಹಾಗೇ ಇಂಟೆಲ್ 10ನೇ ತಲೆಮಾರಿನದು. ಅದೊಂದರಲ್ಲೇ ಎರಡು ಕಾರ್ಡನ್ನೂ ಹಾಕಿ ತೆಗೆದು ಇಡೀ ದಿನ ನೋಡಿದೆವು.

ಕಾಗದದ ಮೇಲೆ ನೋಡಿದರೆ ಗೊಂದಲವೇ. 3060 ಬಂದಿದ್ದು 2021ರಲ್ಲಿ, ಅದರಲ್ಲಿ ಲೆಕ್ಕ ಮಾಡುವ ಪುಟ್ಟ ಘಟಕಗಳು (ಕ್ಯುಡಾ ಕೋರ್, CUDA) 3584 ಇವೆ. 2023ರಲ್ಲಿ ಬಂದ 4060ರಲ್ಲಿ 3072 ಅಷ್ಟೇ. ಹಾಗಾದರೂ ಹೊಸದೇ ವೇಗ, ಯಾಕಂದರೆ ಅದರ ಕೋರ್ ಓಡುವ ಗತಿ (ಬೂಸ್ಟ್ ಕ್ಲಾಕ್) 2.46 ಗಿಗಾಹರ್ಟ್ಸ್, ಹಳೆಯದರದು 1.78. ಚಿಪ್ಪಿಗೂ ಮೆಮೊರಿಗೂ ನಡುವಿನ ದಾರಿ, ಅಂದರೆ ಮೆಮೊರಿ ಬಸ್ಸೂ ಕಿರಿದಾಗಿದೆ: 192 ಬಿಟ್ ಇದ್ದದ್ದು 128 ಬಿಟ್. ಸೆಕೆಂಡಿಗೆ 360 ಜಿಬಿ ಸಾಗುತ್ತಿದ್ದ ಜಾಗದಲ್ಲಿ ಈಗ 272. ಆ ಕೊರತೆ ತುಂಬಲಿಕ್ಕೆ ಚಿಪ್ಪಿನೊಳಗೇ ಇರುವ ಪುಟ್ಟ ಮೆಮೊರಿ ಎಲ್2 ಕ್ಯಾಶ್ ಅನ್ನು 3 ಎಂಬಿಯಿಂದ 24 ಎಂಬಿಗೆ ಏರಿಸಿದ್ದಾರೆ. ನಮ್ಮ ಉಡುಪಿ ಹೋಟೆಲ್‌ಗಳಲ್ಲಿ ಸಾಂಬಾರ್ ಬಕೆಟ್ ಸಪ್ಲೈಯರ್ ಕೈಯಲ್ಲೇ ಇರುತ್ತದೆ ಅಲ್ವಾ, ಹಾಗೆ. ಪ್ರತಿ ಸಲ ಅಡುಗೆಮನೆಗೆ ಓಡಬೇಕಾಗಿಲ್ಲ.

1080ಪಿಯಲ್ಲಿ ಈ ಉಪಾಯ ಚೆನ್ನಾಗಿ ನಡೆಯುತ್ತದೆ. ಮೆಮೊರಿ ಸಾಲುವ ಗೇಮ್‌ಗಳಲ್ಲಿ 4060 ಸರಾಸರಿ ಶೇ 20ರ ಆಸುಪಾಸು ಮುಂದಿರುತ್ತದೆ. ಎರಡು ಫ್ರೇಮಿನ ನಡುವೆ ಕಾರ್ಡೇ ಊಹಿಸಿ ಇನ್ನೊಂದು ಫ್ರೇಮ್ ತುಂಬುವ ಡಿಎಲ್‌ಎಸ್‌ಎಸ್ 3ರ ಫ್ರೇಮ್ ಜನರೇಷನ್ ಕೂಡ ಅದಕ್ಕೆ ಮಾತ್ರ ಇದೆ, 3060ಗೆ ಇಲ್ಲ. ಆದರೆ ಅದನ್ನು ನಂಬಿ ಕಾರ್ಡ್ ಆರಿಸಬೇಡಿ. ಮೊದಲೇ ಸೆಕೆಂಡಿಗೆ 60 ಫ್ರೇಮ್ ಬರುತ್ತಿದ್ದರೆ ಆಟ ಇನ್ನೂ ನುಣುಪಾಗಿ ಕಾಣುತ್ತದೆ. 30 ಬರುತ್ತಿದ್ದರೆ ಪರದೆ ಮೇಲೆ ಅಂಕಿ ಏರುತ್ತದೆ, ಮೌಸ್ ಮಾತ್ರ ಭಾರವಾಗಿಯೇ ಇರುತ್ತದೆ. ಮೇಲಾಗಿ ಫ್ರೇಮ್ ಜನರೇಷನ್ನಿಗೂ ಒಂದಷ್ಟು ಮೆಮೊರಿ ಬೇಕು.

ಈಗ ನಿಮ್ಮ ಬೋರ್ಡಿನ ವಿಷಯ. ಜಾಸ್ತಿ ಜನ ಇದನ್ನು ನೋಡುವುದೇ ಇಲ್ಲ. ಕಾರ್ಡಿಗೂ ಬೋರ್ಡಿಗೂ ನಡುವಿನ ದಾರಿಗೆ ಪಿಸಿಐಇ ಅನ್ನುತ್ತಾರೆ. 3060 ಅದರ 16 ಲೇನ್ ಬಳಸುತ್ತದೆ, 4060 ಎಂಟೇ ಲೇನ್. ಹೊಸ ಬೋರ್ಡುಗಳಲ್ಲಿ ಪಿಸಿಐಇ 4.0 ಇರುವುದರಿಂದ ಎಂಟು ಲೇನ್‌ನಲ್ಲೂ ಸೆಕೆಂಡಿಗೆ ಸುಮಾರು 16 ಜಿಬಿ ಸಾಗುತ್ತದೆ. ಐ5-10400 ಜೊತೆ ನಿಮಗೆ ಸಿಗುವುದು 3.0. ಅಂದರೆ 4060ಗೆ ಸುಮಾರು 8 ಜಿಬಿ ದಾರಿ ಅಷ್ಟೇ. ಕಾರ್ಡಿನ ಮೆಮೊರಿ ಸಾಲುವವರೆಗೆ ಇದು ಗೊತ್ತೇ ಆಗುವುದಿಲ್ಲ. ಅದು ತುಂಬಿತು ಅಂದರೆ, ಹೆಚ್ಚಾದ ಸಾಮಾನೆಲ್ಲ ಪಿಸಿಯ ರ‍್ಯಾಮ್‌ನಿಂದ ಈ ಕಿರಿದಾದ ದಾರಿಯಲ್ಲೇ ಓಡಾಡಬೇಕು. 272 ಎಲ್ಲಿ, 8 ಎಲ್ಲಿ!

ಅವತ್ತು ನಮಗೆ ಅದು ಕಣ್ಣಿಗೇ ಕಂಡಿತು. ಊರೊಳಗೆ ಕಾರು ಓಡಿಸುವ ಒಂದು ಗೇಮ್ ಹಾಕಿ, ಟೆಕ್ಸ್ಚರ್ (ವಸ್ತುಗಳ ಮೇಲೆ ಹೊದಿಸುವ ಚಿತ್ರ) ಪೂರ್ತಿ ಏರಿಸಿ, ಆಫ್ಟರ್‌ಬರ್ನರ್ ಅನ್ನುವ ಸಾಫ್ಟ್‌ವೇರ್‌ನಲ್ಲಿ ಒಂದೊಂದು ಫ್ರೇಮಿಗೆ ಹಿಡಿಯುವ ಸಮಯದ (ಫ್ರೇಮ್‌ಟೈಮ್) ಗೆರೆ ತೆರೆದಿಟ್ಟೆವು. 60 ಫ್ರೇಮ್ ಅಂದರೆ ಒಂದೊಂದು ಫ್ರೇಮಿಗೆ 16.7 ಮಿಲಿಸೆಕೆಂಡ್. ನೇರ ರಸ್ತೆಯಲ್ಲಿ 4060ರ ಗೆರೆ ಸಪಾಟಾಗಿತ್ತು. ತಿರುವಿನಲ್ಲಿ ಹೊಸ ಬೀದಿ ಬಂದ ಕೂಡಲೇ ಗೆರೆ ಚಕ್ಕಂತ ಮೇಲೆ ಚಿಮ್ಮಿತು, ಕಾರು ಒಂದು ಗಳಿಗೆ ನಿಂತ ಹಾಗಾಯಿತು. ಪ್ರತಿ ತಿರುವಿನಲ್ಲೂ ಹೀಗೇ. 3060ರಲ್ಲಿ ಸರಾಸರಿ ಕಡಿಮೆಯೇ ಬಂತು, ಆದರೆ ತಿರುವಿನಲ್ಲಿ ತಡವರಿಸಲಿಲ್ಲ. ಟೆಕ್ಸ್ಚರ್ ಒಂದು ಮೆಟ್ಟಿಲು ಇಳಿಸಿದೆವು, 4060 ಮತ್ತೆ ಮುಂದೆ ಓಡಿತು. ಗೇಮ್‌ನಲ್ಲಿ ಹಾಗೆ ಇಳಿಸಿಕೊಳ್ಳಬಹುದು, ಅದರಿಂದ ನಿಮಗೇನೂ ನಷ್ಟವಿಲ್ಲ.

ಬ್ಲೆಂಡರ್‌ನಲ್ಲಿ ಲೆಕ್ಕವೇ ಬೇರೆ. 4096×4096 ಪಿಕ್ಸೆಲ್‌ನ ಒಂದು ಟೆಕ್ಸ್ಚರ್ ಚಿತ್ರ, ಪಿಕ್ಸೆಲ್‌ಗೆ 4 ಬೈಟ್. ಗುಣಿಸಿ ನೋಡಿ, 64 ಎಂಬಿ. ಫೈಲ್ ಡಿಸ್ಕಿನಲ್ಲಿ ಎಷ್ಟೇ ಸಣ್ಣದಿರಲಿ, ಬ್ಲೆಂಡರ್‌ನ ರೆಂಡರ್ ಎಂಜಿನ್ ಸೈಕಲ್ಸ್ ಕೆಲಸ ಮಾಡುವಾಗ ಅದು ಮೆಮೊರಿಯಲ್ಲಿ ಪೂರ್ತಿ ಬಿಚ್ಚಿಕೊಂಡೇ ಕೂರುತ್ತದೆ. ಒಂದು ಮರದ ಮೇಜಿಗೆ ಬಣ್ಣ, ಹೊಳಪು, ನಾರ್ಮಲ್, ಉಬ್ಬು ಅಂತ ಇಂಥ ನಾಲ್ಕು ಚಿತ್ರ ಹಾಕಿದರೆ 256 ಎಂಬಿ ಆಯಿತು. ಹಾಲ್‌ನಲ್ಲಿ ಇಂಥ 20 ವಸ್ತು ಇದ್ದರೆ 5 ಜಿಬಿ. ಇದರ ಮೇಲೆ ಪರದೆ ಬಟ್ಟೆ, ಕುಂಡದ ಗಿಡ, ವಿಂಡೋಸ್ ತನಗೇ ಹಿಡಿದಿಟ್ಟುಕೊಳ್ಳುವ ಪಾಲು. 8 ಜಿಬಿ ಎಷ್ಟು ಬೇಗ ಮುಗಿಯುತ್ತದೆ ನೋಡಿ. ಸೀನ್ ಹಿಡಿಸಿದಷ್ಟು ಹೊತ್ತು ರೆಂಡರ್‌ನಲ್ಲೂ 4060ದೇ ವೇಗ, ಅದನ್ನು ಒಪ್ಪುತ್ತೇನೆ. ಆದರೆ ನನ್ನ ಒಂದು ಗಿರಾಕಿಯ ಮನೆಯ ಹಾಲ್ ಅದರಲ್ಲಿ ಹಿಡಿಸಲೇ ಇಲ್ಲ. ಮೆಮೊರಿ ಮುಗಿಯಿತು ಅಂತ ಹೇಳಿ ನಿಂತುಬಿಟ್ಟಿತು. 3060 ಅದೇ ಫೈಲನ್ನು ನಿಧಾನಕ್ಕೆ ಮುಗಿಸಿಕೊಟ್ಟಿತು. ಕಲಿಯುವ ಹೊತ್ತಿನಲ್ಲಿ ಯಾವ ಟೆಕ್ಸ್ಚರ್ ಎಷ್ಟು ತಿನ್ನುತ್ತದೆ ಅನ್ನುವ ಅಂದಾಜು ಯಾರಿಗೂ ಇರುವುದಿಲ್ಲ. ಅದಕ್ಕೇ ಆ 4 ಜಿಬಿ ಜಾಸ್ತಿ ಇರಲಿ ಅನ್ನುವುದು.

ಕರೆಂಟ್ ವಿಷಯದಲ್ಲಿ 4060 ಗೆಲ್ಲುತ್ತದೆ. ಅದು 115 ವ್ಯಾಟ್, 3060 ಆದರೆ 170. ದಿನಕ್ಕೆ 4 ಗಂಟೆ ಪೂರ್ತಿ ದುಡಿಸಿದರೆ ತಿಂಗಳಿಗೆ 6.6 ಯೂನಿಟ್ ವ್ಯತ್ಯಾಸ. ಬಿಲ್ಲಿಗಿಂತ ನಮ್ಮೂರಿನ ಸೆಕೆಯಲ್ಲಿ ಸಣ್ಣ ರೂಮಿಗೆ ಆ ಬಿಸಿಯೇ ಜಾಸ್ತಿ. ಎರಡಕ್ಕೂ ಕಂಪನಿ ಹೇಳುವುದು 550 ವ್ಯಾಟ್ ಪವರ್ ಸಪ್ಲೈ. ನಿಮ್ಮ 450 ವ್ಯಾಟಿನದು ಹಳೆಯದಾದರೆ ಅದನ್ನು ಬದಲಿಸುವ ದುಡ್ಡನ್ನೂ ಈಗಲೇ ಲೆಕ್ಕಕ್ಕೆ ಹಿಡಿಯಿರಿ. ದಯವಿಟ್ಟು ಅಲ್ಲಿ ಉಳಿಸಲು ಹೋಗಬೇಡಿ.

ಇನ್ನೊಂದು ಎಚ್ಚರ. 3060 ಹೆಸರಿನಲ್ಲೇ 8 ಜಿಬಿಯದೂ ಒಂದಿದೆ. ಕೋರ್ ಅಷ್ಟೇ ಇವೆ, ಬಸ್ ಮಾತ್ರ 128 ಬಿಟ್, ವೇಗ 240 ಜಿಬಿಗೆ ಇಳಿದಿದೆ. ಗೆಳೆಯನೊಬ್ಬ ಮುಂಬೈಯ ಲ್ಯಾಮಿಂಗ್ಟನ್ ರೋಡಿನ ಒಂದು ಅಂಗಡಿಯಲ್ಲಿ "3060 ಹೈ ಭಾಯ್" ಅಂದದ್ದನ್ನು ನಂಬಿ ತಂದ, ಮನೆಗೆ ಬಂದ ಮೇಲೆ ಗೊತ್ತಾಯಿತು. ಮತ್ತೆ ದಾದರ್‌ನಲ್ಲಿ ಗಾಡಿ ಬದಲಿಸಿ ಗ್ರಾಂಟ್ ರೋಡ್ ಸ್ಟೇಷನ್ನಿಗೆ, ಅಲ್ಲಿಂದ ಅದೇ ಅಂಗಡಿಗೆ ಹೋದ, ವಾಪಸ್ ತಗೊಳ್ಳಲಿಲ್ಲ. ನಿಮಗೆ ಹಾಗಾಗುವುದು ಬೇಡ. ದುಡ್ಡು ಕೊಡುವ ಮೊದಲು ಮಾರುವವರ ಪಿಸಿಯಲ್ಲೇ ಕಾರ್ಡಿನ ವಿವರ ತೋರಿಸುವ ಜಿಪಿಯು-ಝಡ್ (GPU-Z) ಸಾಫ್ಟ್‌ವೇರ್ ತೆರೆಸಿ. 12288 ಎಂಬಿ, 192 ಬಿಟ್ ಅಂತ ಎರಡೂ ಕಾಣಬೇಕು. ಪೆನ್‌ಡ್ರೈವ್‌ನಲ್ಲಿ ನಿಮ್ಮ ಭಾರದ ಬ್ಲೆಂಡರ್ ಫೈಲ್ ಒಯ್ದು ಅರ್ಧ ಗಂಟೆ ರೆಂಡರ್ ಹಚ್ಚಿ, ಫ್ಯಾನಿನ ಸದ್ದು ಕೇಳಿ. ಹಳೇ ಬಿಲ್ ಇದ್ದರೆ ಅದರ ಮೇಲಿನ ಸೀರಿಯಲ್ ನಂಬರೂ ಕಾರ್ಡಿನ ಹಿಂದಿನ ಚೀಟಿಯ ನಂಬರೂ ಒಂದೇನಾ ಅಂತ ನೋಡಿಕೊಂಡು ತಗೊಳ್ಳಿ.